ದೀಪ ಹಿಡಿದ ಗೂಬೆ

"ಕಟ್ ಮಾಡ್ರಿ," ಎಂದು ಓಂಕಾರ್ ಕಾರ್ಡುಗಳ ಕಟ್ಟನ್ನು ಅವಳ ಮುಂದೆ ಸರಿಸಿದ.

ನೀಲಿಮಾ ಕಟ್ ಮಾಡಲಿಲ್ಲ. ತೋರುಬೆರಳಿನ ತುದಿಯಿಂದ ಕಟ್ಟಿನ ನೆತ್ತಿಯನ್ನೊಮ್ಮೆ ಮುಟ್ಟಿ ಕೈ ಹಿಂದಕ್ಕೆ ಸೆಳೆದುಕೊಂಡಳು. ತಾನು ಮಾಡಿದ್ದೇನೆಂದು ಹೊಳೆದದ್ದು ಆಮೇಲೆ. ಅವಳಿಗೆ ಅಂಜಿಕೆಯಾಯಿತು. ಇಸ್ಪೀಟಾಡುವಾಗ ಅಪ್ಪ ಹೀಗೆಯೇ ಮುಟ್ಟುತ್ತಿದ್ದರು. ಅದು ಅಪ್ಪನ ಬೆರಳು.

"ಆಶೀರ್ವಾದ ಮಾಡಿದ್ರೋ, ಬಿಸಿ ಅದನೋ ಆರ್‍ಯದನೋ ನೋಡಿದ್ರೋ?"

"ಸುಮ್ನ ಹಂಚ್ರಿ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲೇ ಕಿರಿದಾಗುತ್ತಿತ್ತು. ಅದನ್ನು ಗಮನಿಸಿದೆನಲ್ಲ ಎಂದು ಅವಳಿಗೆ ಇನ್ನೊಂದು ಅಂಜಿಕೆ.

೨೦೦೭ರ ಮಳೆಗಾಲ ಮುಗಿಯುತ್ತಿದ್ದ ದಿನಗಳು. ಯೆರವಡಾದ ಆಫೀಸಿನ ಕ್ಯಾಂಟೀನಿನಲ್ಲಿ ಅವಳು ಯಾವತ್ತೂ ಒಬ್ಬಳೇ ಡಬ್ಬಿ ಬಿಚ್ಚುವವಳು. ಆ ದಿನ ಪಕ್ಕದ ಮೇಜಿನ ಮೇಲೆ ಚಿತ್ರದ ಕಾರ್ಡುಗಳು ಹರಡಿದ್ದವು. ಕೋಟೆ, ಕುದುರೆ ಸವಾರ, ಮೂರು ಬಾಲದ ಹಾವು. ಅವುಗಳ ನಡುವೆ ಕಾಲಲ್ಲಿ ಲಾಂದ್ರ ಹಿಡಿದು ಕೂತ ಒಂದು ಗೂಬೆ. ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಾಲುಗಳು ತಾವಾಗಿಯೇ ಆ ಮೇಜಿನ ತನಕ ಹೋಗಿಬಿಟ್ಟವು.

ಕಂಪ್ಯೂಟರ್ ರಿಪೇರಿಯ ಓಂಕಾರ್ ಬೆಳಗಾವಿಯವನು. "ನಿಮಗ ಈ ಆಟ ಬರ್ತದ?" ಎಂದು ಕೇಳಿದ್ದ.

"ಸಾಲಿಯೊಳಗಿದ್ದಾಗ ಆಡ್ತಿದ್ದೆ. ಈಗ ಬಿಟ್ಟೀನಿ."

"ನಾನೂ ಬಿಟ್ಟಿದ್ದೆ. ಹೋದ ವರ್ಷ ಮನಿ ಬದಲಿ ಮಾಡೂವಾಗ ಡಬ್ಬಿ ಸಿಕ್ತು. ಗಡ್ಡ ಬಂದ ಮ್ಯಾಲ ಆಡಬಾರ್ದಂತ ಎಲ್ಲೂ ಬರದಿಲ್ಲಲ್ರಿ."

ಸಾಲಿಯೊಳಗಿದ್ದಾಗ ಅವಳ ಹತ್ತಿರವೂ ಅಂಥದೇ ಗೂಬೆ ಇತ್ತು. ಖಡಕಿಯ ಕ್ವಾರ್ಟರ್ಸಿನ ಗೆಳತಿಯೊಬ್ಬಳ ಅಣ್ಣ ಮುಂಬಯಿಯಿಂದ ತಂದ ಆಟ. ಕೂಡಿಸಿದ ಕಾರ್ಡುಗಳಲ್ಲಿ ತನಗೆ ಬೇಕಾದವನ್ನು ಆರಿಸಿ ತನ್ನದೇ ಕಟ್ಟು ಮಾಡಿಕೊಂಡು, ಎದುರಿನವರ ಕೋಟೆ ಕೆಡವಬೇಕು. ಒಂದು ಮಧ್ಯಾಹ್ನ ಅವ್ವನಿಗೆ ಅವು ಸಿಕ್ಕವು. ರಾಧಾಬಾಯಿ ನೀರು ಕಾಯಿಸುವ ತಾಮ್ರದ ಬಂಬಿನ ಬೆಂಕಿಯೊಳಗೆ ಅಷ್ಟನ್ನೂ ಹಾಕಿದಳು. ಆ ದಿನದ ಬಿಸಿನೀರಲ್ಲಿ ನೀಲಿಮಾ ಸ್ನಾನ ಮಾಡಲಿಲ್ಲ.

"ಈ ಮನ್ಯಾಗ ಎಲಿ ಬರಬಾರ್ದು," ಎಂದಿದ್ದಳು ಅವ್ವ. ಚಿತ್ರದ ಎಲೆ, ಇಸ್ಪೀಟಿನ ಎಲೆ ಎಂಬ ಭೇದ ಅವಳಿಗಿರಲಿಲ್ಲ. ಇರಲು ಅಪ್ಪ ಏಕನಾಥರಾಯರು ಬಿಟ್ಟಿರಲಿಲ್ಲ. ಜೂಜಿನಲ್ಲಿ ಗೆದ್ದು ಬಂದರೆ ಜಿಲೇಬಿಯ ಪೊಟ್ಟಣ, ಸೋತು ಬಂದರೆ ಗೋಡೆಯ ಕಡೆ ಮುಖ. ಬೀದಿಯ ತಿರುವಿನಲ್ಲಿ ಸೈಕಲ್ಲಿನ ಸದ್ದು ಕೇಳಿದರೆ ಅವ್ವ ಎರಡಕ್ಕೂ ಒಂದೇ ಸಮ ಅಂಜುತ್ತಿದ್ದಳು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಸಂಜೆಯಾದರೆ ಕಿಟಕಿಯ ಹತ್ತಿರ ನಿಲ್ಲುವ ಚಟ ಮಾತ್ರ ಅವ್ವನನ್ನು ಬಿಟ್ಟಿರಲಿಲ್ಲ.

ಆದರೂ ನೀಲಿಮಾ ಮರುದಿನ ಆ ಮೇಜಿಗೆ ಹೋದಳು. ಅದರ ಮರುದಿನವೂ ಹೋದಳು. ಓಂಕಾರ್ ಒಂದು ಹಳೆಯ ಕಟ್ಟು ಕೊಟ್ಟ. ಗೂಬೆಯನ್ನು ತನ್ನದರಿಂದ ತೆಗೆದು ಅವಳದರಲ್ಲಿ ಸೇರಿಸಿದ. "ನೀವು ನನ್ನ ನೋಡೂದ್ಕಿಂತ ಅದನ್ನ ಜಾಸ್ತಿ ನೋಡ್ತೀರಿ. ಇಟ್ಕೋರಿ," ಎಂದ. ಅವಳು ಕಟ್ಟನ್ನು ಆಫೀಸಿನ ಡ್ರಾಯರಿನಲ್ಲೇ ಇಟ್ಟಳು, ಮನೆಗೆ ಒಯ್ಯಲಿಲ್ಲ.

ಕಾರ್ಡುಗಳನ್ನು ಕಲಸುವಾಗ ಬೆರಳುಗಳಲ್ಲಿ ಏನೋ ಜುಮ್ಮೆನ್ನುತ್ತಿತ್ತು. ಈ ಜುಮ್ಮೇ ಅಪ್ಪನನ್ನು ಎಳೆದೊಯ್ದದ್ದೇ? ಊಟದ ಹೊತ್ತು ಯಾವಾಗ ಬರುವುದೋ ಎಂದು ಗಡಿಯಾರ ನೋಡುವಾಗ, ತಾನು ಕಾಯುತ್ತಿರುವುದು ಆಟಕ್ಕೋ ಅವನಿಗೋ ತಿಳಿಯದೆ ಇನ್ನಷ್ಟು ಹೆದರುತ್ತಿದ್ದಳು. ಎರಡರಲ್ಲಿ ಯಾವುದಾದರೂ ಅವ್ವನಿಗೆ ಮುಖ ತೋರಿಸುವುದು ಹೇಗೆ?

ಅಲ್ಲದೆ ಅವನು ಅವಳ ಕಟ್ಟನ್ನು ತಪ್ಪದೆ ಕಟ್ ಮಾಡುತ್ತಿದ್ದ. ಅವಳು ಪ್ರತಿ ಸಲ ಬರೀ ಮುಟ್ಟುತ್ತಿದ್ದಳು, ಅವನು ಪ್ರತಿ ಸಲ ಕತ್ತರಿಸುತ್ತಿದ್ದ. ಪ್ರತಿ ಸಲವೂ ಅವಳೊಳಗೆ ಸಣ್ಣಗೆ ಏನೋ ಮುರಿಯುತ್ತಿತ್ತು.

ದೀಪಾವಳಿಗೆ ಮುಂಚಿನ ಶುಕ್ರವಾರ ಅವನು ಆಟದ ನಡುವೆ, ಕಾರ್ಡಿನಿಂದ ಕಣ್ಣೆತ್ತದೆ ಹೇಳಿದ: "ನಮ್ಮವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಬೇಕಂತೀನಿ."

"ಯಾಕ?"

"ಚಕ್ಕಲಿ ತಿನ್ನಾಕ." ಆಮೇಲೆ ಕಣ್ಣೆತ್ತಿದ. ಆ ಕಣ್ಣುಗಳಲ್ಲಿ ತಮಾಷೆ ಇರಲಿಲ್ಲ. "ಯಾಕಂತ ನಿಮಗ ಗೊತ್ತದ, ನೀಲಿಮಾ."

ಅವಳು ಕೈಯ ಕಾರ್ಡುಗಳನ್ನು ಕೆಳಗಿಟ್ಟಳು. "ಬರಬ್ಯಾಡ್ರಿ. ನನ್ನ ಮ್ಯಾಲ ನಂಬಿಕಿ ಇಲ್ಲದವರು ಯಾಕ ಬರ್ತೀರಿ?"

"ನಂಬಿಕಿ ಇಲ್ಲಂತ ಯಾರಂದ್ರು?"

"ದಿನಾ ಕಟ್ ಮಾಡ್ತೀರಲ್ಲ. ನಮ್ಮಪ್ಪನ ಮಂದಿಯೊಳಗ ಬರೇ ಮುಟ್ಟಿದ್ರ ನಿನ್ನ ನಂಬೀನಿ ಅಂತ. ಕಟ್ ಮಾಡಿದ್ರ ನೀ ಕಳ್ಳ ಅಂತ." ಆಮೇಲೆ ಅವಳು ಸೈಕಲ್ಲು, ಜಿಲೇಬಿ, ಬಂಬು ಎಲ್ಲವನ್ನೂ ಹೇಳಿಬಿಟ್ಟಳು. "ನನ್ನ ಕೈಯಾಗ ಅವರs ಇದ್ದಾರ, ಓಂಕಾರ್. ಕಲಸೂವಾಗ ಗೊತ್ತಾಗ್ತದ. ನಾಳೆ ನಿಮ್ಮನ್ನೂ ಕಿಟಕಿ ಹತ್ರ ನಿಂದ್ರಸ್ತೀನಿ."

ಅವನು ಅವಳ ಡಬ್ಬಿಯ ಮುಚ್ಚಳವನ್ನು ಸರಿಯಾಗಿ ಒತ್ತಿ ಮುಚ್ಚಿದ.

"ಕಟ್ ಮಾಡೂದು ಈ ಆಟದ ನೇಮ. ನಾ ಮಾಡ್ಲಿಲ್ಲಂದ್ರ ನೀವು ಮೋಸದಿಂದ ಗೆದ್ರಿ ಅಂತ ಯಾರರೆ ಅಂದಾರು. ನಿಮ್ಮ ಗೆಲುವು ಪೂರಾ ನಿಮ್ಮದs ಇರ್ಲಿ ಅಂತ ಮಾಡ್ತಿದ್ದೆ." ಮೆಲ್ಲಗೆ ಸೇರಿಸಿದ, "ಭಾಳ ಸಲ ಗೆದ್ದೀರಿ. ನಾ ಬ್ಯಾರೇ ಏನೋ ಸೋತೀನಿ."

ಅವಳಿಗೆ ಅಳು ಬಂತು. ಸಿಕ್ಕದ್ದನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಎದ್ದು ಹೋದಳು.

ಸಂಜೆ ಖಡಕಿಯ ಮನೆಯಲ್ಲಿ ಮುಖ ತೊಳೆದು ಅಡಿಗೆಮನೆಗೆ ಬಂದಾಗ ಅವ್ವ ಕಟ್ಟೆಯ ಎದುರು ನಿಂತಿದ್ದಳು. ತೊಳೆಯಲು ತೆಗೆದ ಡಬ್ಬಿಯ ಪಕ್ಕದಲ್ಲಿ ಕಾರ್ಡುಗಳು. ಎಲ್ಲಕ್ಕೂ ಮೇಲೆ ಗೂಬೆ. ನೀಲಿಮಾಳ ಕಣ್ಣು ಮೊದಲು ಹೋದದ್ದು ಗ್ಯಾಸಿನ ಕಡೆಗೆ. ಒಲೆ ಹತ್ತಿರಲಿಲ್ಲ.

"ಯಾರ ಕೂಡ ಆಡ್ತಿ?" ಅವ್ವ ದನಿ ಏರಿಸಲಿಲ್ಲ.

ಹೆಸರು ಹೇಳಿದಳು. ಹೇಳಿದ ರೀತಿಯಲ್ಲೇ ಅವ್ವನಿಗೆ ಉಳಿದದ್ದೂ ತಿಳಿದಿರಬೇಕು.

"ಐತವಾರ ಅವಗ ಒಬ್ಬನs ಬರಾಕ ಹೇಳು."

"ಬೈಯೂದಿದ್ರ ನನ್ನ ಬೈ, ಅವ್ವಾ."

"ಬೈಯೂದಿಲ್ಲ. ನೋಡ್ಬೇಕು."

ನೀಲಿಮಾ ಓಂಕಾರನಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದಳು.

ರವಿವಾರ ಓಂಕಾರ್ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. "ನಮಸ್ಕಾರ್ರಿ ಮಾವ್ಶಿ," ಎಂದು ಬಾಗಿ ಕಾಲಿಗೆರಗಿದ. ರಾಧಾಬಾಯಿ ಚಾಪೆ ಹಾಸಿ, ಕಟ್ಟನ್ನು ಅದರ ಮೇಲಿಟ್ಟು, "ಆಡ್ರಿ. ಭಾಳ ವರ್ಷ ಒಬ್ಬರು ಆಡೂದು ನೋಡೀನಿ. ನಿಮ್ಮದೂ ನೋಡ್ತೀನಿ," ಎಂದಳು.

ಓಂಕಾರ್ ಜೇಬಿನಿಂದ ತನ್ನ ಕಟ್ಟು ತೆಗೆದ. ನೀಲಿಮಾ ತನ್ನದನ್ನು ಕಲಸಿ ಅವನ ಮುಂದಿಟ್ಟಳು. ಅವನ ಕೈ ಎಂದಿನಂತೆ ಕಟ್ ಮಾಡಲು ಬಂದು, ಅರ್ಧದಲ್ಲಿ ನಿಂತು, ತೋರುಬೆರಳಿನಿಂದ ಮೆಲ್ಲಗೆ ಮುಟ್ಟಿತು. ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಅವ್ವನ ಉಸಿರು ತಡೆದದ್ದು ಕೇಳಿಸಿತು. ಆ ಬೆರಳನ್ನು ಅವ್ವ ಬಲ್ಲಳು. ಎಲ್ಲ ಮುಗಿಯಿತು ಎಂದುಕೊಂಡಳು ನೀಲಿಮಾ.

ಅವ್ವ ಎದ್ದು ಅಡಿಗೆಮನೆಗೆ ಹೋದಳು. ಇಬ್ಬರೂ ಆಡಿದರು. ಅವನ ಕೋಟೆ ಬೀಳಲು ಬಂದಿತ್ತು. ಆಗ ನೀಲಿಮಾಳ ಕೈಗೆ ಗೂಬೆ ಬಂತು. ಇದನ್ನು ಇಳಿಸಿದರೆ ಗೆದ್ದಂತೆ. ಬೆರಳುಗಳಲ್ಲಿ ಅದೇ ಜುಮ್ಮು.

"ಚಹಾ ಆಗ್ಯದ. ಏಳ್ರಿ," ಒಳಗಿನಿಂದ ಅವ್ವನ ದನಿ.

ಇದೊಂದಾಟ. ಈ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಕರೆದಾಗಲೆಲ್ಲ ಅಪ್ಪ ಅನ್ನುತ್ತಿದ್ದದ್ದೂ ಅದೇ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಅವ್ವ ಬಾಗಿಲಲ್ಲಿ ನಿಂತಿದ್ದಳು. ನೋಡುತ್ತಿದ್ದದ್ದು ಓಂಕಾರನನ್ನಲ್ಲ, ಮಗಳನ್ನು.

ನೀಲಿಮಾ ಗೂಬೆಯನ್ನು ಚಾಪೆಯ ಮೇಲೆ ಇಟ್ಟಳು, ಉಳಿದವನ್ನೂ ಇಟ್ಟಳು. ಎದ್ದಳು. ಎದ್ದ ಮೇಲೆ ತಿಳಿಯಿತು, ಏಳುವುದು ಅಷ್ಟೇನೂ ಕಷ್ಟವಲ್ಲ. ಕಾಲಿಗೆ ಜೋಮು ಹಿಡಿದಿತ್ತು, ಅಷ್ಟೆ.

ಓಂಕಾರ್ ಆಗಲೇ ಎದ್ದು ಅವ್ವನ ಕೈಯಿಂದ ತಾಟು ತೆಗೆದುಕೊಳ್ಳುತ್ತಿದ್ದ. "ನಿಮ್ಮ ಮಗಳು ನನ್ನ ಸೋಲಸೂವಾಗs ಚಹಾ ಆತು. ಬದುಕಿದೆ ಮಾವ್ಶಿ," ಎಂದ.

ರಾಧಾಬಾಯಿ ನಗಲಿಲ್ಲ. ಸೆರಗಿನಿಂದ ಒಂದು ಕಣ್ಣು ಒರೆಸಿಕೊಂಡಳು, ಆಮೇಲೆ ಇನ್ನೊಂದು.

"ಅವರು ಒಮ್ಮಿನೂ ಎದ್ದಿದ್ದಿಲ್ಲ," ಎಂದಳು. "ನೀ ಹುಟ್ಟಿದ ದಿನಾನೂ ಎದ್ದಿದ್ದಿಲ್ಲ."

ನೀಲಿಮಾ ಅವ್ವನ ತೋಳು ಹಿಡಿದುಕೊಂಡಳು. ಓಂಕಾರ್ ತಾಟು ಹಿಡಿದು ನಿಂತೇ ಇದ್ದ. ಅವನ ಎಡಗಣ್ಣು ಮೊದಲು ಒದ್ದೆಯಾಯಿತು.

"ನಿಮ್ಮವ್ವ ಯಾವಾಗ ಬರ್ತಾರ?" ಅವ್ವ ಕೇಳಿದಳು.

"ನೀವು ಕರದಾಗ."

"ಕರಿದ ಚಕ್ಕಲಿ ಮುಗಿಯೂದ್ರೊಳಗ ಬರಾಕ ಹೇಳು."

ಕಿಟಕಿಯಿಂದ ಬಂದ ಗಾಳಿಗೆ ಚಾಪೆಯ ಮೇಲಿನ ಕಾರ್ಡುಗಳು ಮಿಸುಕಿದವು. ಗೂಬೆಯ ಒಂದು ಅಂಚು ಮೇಲೆದ್ದಿತು. ಅವ್ವ ಬಗ್ಗಿ, ತನ್ನ ಬಿಸಿ ಚಹಾದ ಬಟ್ಟಲನ್ನು ಗೂಬೆಯ ಪಕ್ಕದ ಕಾರ್ಡುಗಳ ಮೇಲಿಟ್ಟಳು. ಚಿತ್ರ ಕೆಡಬಾರದೆಂದೋ ಏನೋ, ಗೂಬೆಯ ಮೇಲೆ ಮಾತ್ರ ಬಟ್ಟಲಿಡದೆ ತನ್ನ ಬೆರಳಿಟ್ಟು ಹಿಡಿದಳು.

"ಚಹಾ ಕುಡದು ಬರ್ರಿ," ಎಂದಳು. "ಹಾರಿ ಹೋಗ್ತಾವ. ನಾ ಹಿಡದಿರ್ತೀನಿ."