ನಾಲ್ಕು ಟ್ಯುಲಿಪ್

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಲೊವೆಚ್ ಪಟ್ಟಣದ ಪೊಲೀಸ್ ಠಾಣೆಗೆ ಬಂದದ್ದು ಕಳ್ಳತನದ ದೂರೇ. ಆದರೆ ಕಳುವಾದದ್ದು ಪದ್ಯ! ದೂರುದಾರ ನಿವೃತ್ತ ಮೇಷ್ಟ್ರು ಲ್ಯುಬೆನ್ ಕರಾಜೊವ್ ತೆಳ್ಳನೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿದರು. ಕವಿಯ ಹೆಸರು ಮೆತೋದಿ ಗೆಂಚೆವ್. ಒಳಗೆ, ‘ನನ್ನ ಹೆಂಡತಿ ವಿಯೊಲೆತಾಗೆ’ ಎಂಬ ಅರ್ಪಣೆ.

“ಅಷ್ಟೂ ನಂದು ಮೇಡಂ. ಆ ರೈಲ್ವೆ ಗಾರ್ಡ್ ಗೆಂಚೆವ್ ಜನ್ಮದಲ್ಲಿ ಒಂದು ಸಾಲು ಬರೆದವನಲ್ಲ!”

“ಅವರ ಕೈಗೆ ಹೇಗೆ ಸಿಕ್ತು?” ಇನ್‌ಸ್ಪೆಕ್ಟರ್ ಬೊಯ್ಕಾ ರಂಗೆಲೋವಾ ಕೇಳಿದಳು.

ಮೇಷ್ಟ್ರ ಕಿವಿ ಕೆಂಪಾಯಿತು. “ವಿಯೊಲೆತಾಗೆ ಒಂದು ಪ್ರತಿ ಬರೆದುಕೊಟ್ಟಿದ್ದೆ. ಹೋದ ವರ್ಷ ತೀರಿಕೊಂಡ್ಳು. ಅವಳಂತೂ ಅವನ ಪಾಲಾದ್ಳು. ಪದ್ಯಾನೂ ಅವನದೇ ಆಗ್ಬೇಕಾ?”

ಎಫ್‌ಐಆರ್ ದಾಖಲಾಯಿತು. ಇನ್ನೊಬ್ಬರು ಬರೆದದ್ದನ್ನು ತನ್ನ ಹೆಸರಲ್ಲಿ ಅಚ್ಚು ಹಾಕಿಸಿದರೆ ಈ ದೇಶದಲ್ಲಿ ಜೈಲು. ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಪಂಚನಾಮೆ ಮಾಡಿ ಹಸ್ತಪ್ರತಿ ವಶಕ್ಕೆ ತೆಗೆದುಕೊಂಡರು. ಪುಸ್ತಕಕ್ಕೂ ಅದಕ್ಕೂ ಒಂದೇ ವ್ಯತ್ಯಾಸ: ನಲ್ಲೆಯ ಕಿಟಕಿಯಲ್ಲಿಟ್ಟ ಟ್ಯುಲಿಪ್ ಹೂ ಹಸ್ತಪ್ರತಿಯಲ್ಲಿ ಐದು, ಪುಸ್ತಕದಲ್ಲಿ ನಾಲ್ಕು.

“ಮೇಷ್ಟ್ರೇ ಪುಸ್ತಕ ನೋಡಿ ನಕಲು ಹೊಡೆದಿರಬಹುದಲ್ಲ?” ಎಂದ ಕಾನ್‌ಸ್ಟೆಬಲ್ ತೋಶೊ. ಬೊಯ್ಕಾ ಆ ಸಾಲನ್ನೇ ಮತ್ತೆ ಓದುತ್ತಿದ್ದಳು.

ಸಂಜೆ ಗೆಂಚೆವ್‌ನ ಮನೆಗೆ ಹೋದರು. ಗೇಟಿನ ಮೇಲೆ ಹೆಂಡತಿಯ ಫೋಟೊ ಇದ್ದ ಶ್ರದ್ಧಾಂಜಲಿ ಪತ್ರ ಇನ್ನೂ ಅಂಟಿತ್ತು.

“ಟ್ಯುಲಿಪ್ ಪದ್ಯ ಯಾವಾಗ ಬರೆದ್ರಿ?” ಬೊಯ್ಕಾ ಕೇಳಿದಳು.

“ಮದುವೆಯಾದ ಹೊಸದ್ರಲ್ಲಿ. ಅವಳಿಗೆ ಹೂ ತಂದ ದಿನ.”

“ನಾಲ್ಕು ತಂದ್ರಾ?”

“ಹೂಂ. ಅಲ್ಲೇ ಇದೆಯಲ್ಲ.”

“ಬದುಕಿರೋ ಹೆಂಡತಿಗೆ ಸರಿಸಂಖ್ಯೆ ಹೂವಾ? ಅದು ಹೆಣಕ್ಕಲ್ವಾ ಗೆಂಚೆವ್ ಅವರೇ ಇಡೋದು?”

ಗೆಂಚೆವ್‌ನ ಮುಖ ಬಿಳಿಚಿಕೊಂಡಿತು. “ಅವಳು ಸತ್ತ ನಲವತ್ತನೇ ದಿನಕ್ಕೆ ಗೇಟಿಗೆ ಅಂಟಿಸೋ ಪತ್ರದಲ್ಲಿ ಆ ಪದ್ಯ ಹಾಕ್ಸಿದ್ದೆ. ಸತ್ತವಳಿಗೆ ಐದು ಅಂದ್ರೆ ಜನ ಆಡ್ಕೋತಾರೆ ಅಂತ ತಿದ್ದಿದೆ. ಪುಸ್ತಕಕ್ಕೂ ಹಾಗೇ ಹೋಯ್ತು.”

“ನೀವು ಯಾವತ್ತಾದ್ರೂ ಹೂ ಕೊಟ್ಟಿದ್ರಾ?”

“ಇಲ್ಲ.” ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು. “ಆ ಕಾಗದ ಅವಳ ಹೊಲಿಗೆ ಡಬ್ಬೀಲಿತ್ತು. ಡಬ್ಬಿ ನಂದು, ಮನೆ ನಂದು, ಹೆಂಡ್ತಿ ನನ್ನವಳು! ಅವನದೇನ್ರೀ?”

“ಕಾಗದ ನಿಮ್ಮದೇ. ಅದರ ಮೇಲಿನ ಮಾತು ಬರೆದವರದ್ದು. ಕೊಟ್ರೂ, ಮಾರಿದ್ರೂ ಅವರ ಹೆಸರು ಅಳಿಸೋ ಹಕ್ಕು ಯಾರಿಗೂ ಇಲ್ಲ.”

“ಅವನ ಹೆಸರು ಹಾಕಿಸಿದ್ರೆ, ಇವಳು ಅವನವಳು ಅಂತ ಊರಿಗೆ ಊರೇ ಓದ್ತಿತ್ತು.”

ಬೊಯ್ಕಾ ಬಂಧನ ಪತ್ರ ಬರೆಯತೊಡಗಿದಳು. ಕೇಸಿನ ಸುದ್ದಿ ಹೊರಬಿದ್ದರೆ ನಾಳೆ ಆಗುವುದೂ ಅದೇ.

ಸಂಜೆ ಆರೂವರೆಗೆ ಬಂಧನ ಪತ್ರಕ್ಕೆ ಅವನು ಸಹಿ ಹಾಕಿದ. ಜೀಪಿನಲ್ಲಿ ತೋಶೊ ತಡೆಯಲಾರದೆ ಕೇಳಿದ: “ಅಷ್ಟು ಹೊಟ್ಟೆ ಉರಿದಿದ್ರೆ ಸುಟ್ಟು ಹಾಕ್ಬೇಕಿತ್ತು. ಅಚ್ಚು ಯಾಕೆ ಹಾಕಿಸಿದ್ರಿ?”

“ಒಲೆ ಹಚ್ಚಿದ್ದೆ. ಒಂದು ಪದ್ಯ ಓದಿ ಆಮೇಲೆ ಒಲೆಗೆ ಹಾಕೋಣ ಅಂದ್ಕೊಂಡೆ.” ಗೆಂಚೆವ್ ಕಿಟಕಿಯ ಕಡೆ ತಿರುಗಿದ. “ಅದ್ರಲ್ಲಿ ಅವಳು ನಗ್ತಾಳೆ. ಮೂವತ್ತು ವರ್ಷ ಸಂಸಾರ ಮಾಡಿದೆ. ಆ ನಗು ನಾನು ನೋಡೇ ಇಲ್ಲ ಕಣಪ್ಪಾ.”