ಹೂವಿನ ದಿನದ ಸಾಕ್ಷಿ

ಪಂಪ್ ಶೆಡ್ಡಿನ ಕೆಳಗೆ, ಕೆರೆಯ ಅಂಚಿನಲ್ಲಿ, ಹೆಣ ಬೋರಲಾಗಿ ತೇಲುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದೇ ಕಾಲಿಗೆ ಬೂಟು. ತಲೆಯ ಹಿಂಭಾಗ ಒಡೆದಿತ್ತು.

"ಯಾರಿದು?" ಆಲೂರು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ವಾಣಿ ಕೇಳಿದಳು.

"ಮೇಲಿನ ಸ್ಕೂಲಿನ ಮೇಷ್ಟ್ರು ಮೇಡಂ, ನಟರಾಜ್ ಅಂತ. ನೀತಿ ಪಾಠ ಹೇಳ್ತಿದ್ರಂತೆ," ಎಂದ ಕಾನ್‌ಸ್ಟೆಬಲ್ ದೇವೀರಪ್ಪ. "ನಿನ್ನೆ ಬೆಳಿಗ್ಗೆ ವಾಕಿಂಗ್ ಬಂದೋರು ವಾಪಸ್ ಹೋಗಿಲ್ಲ."

ಮೇಲಿನ ಸ್ಕೂಲು ಅಂದರೆ ಮಕ್ಕಳ ಶಾಲೆಯಲ್ಲ. ಬಾಳ್ಳುಪೇಟೆ ರಸ್ತೆಯಿಂದ ಒಳಕ್ಕೆ, ಸುಬ್ಬಯ್ಯನವರ ಕಾಫಿ ಎಸ್ಟೇಟಿನ ನೆತ್ತಿಯ ಮೇಲೆ ಎರಡು ವರ್ಷದ ಹಿಂದೆ ಎದ್ದ ಗಾಜಿನ ಕಟ್ಟಡ. ಶ್ವೇತಗಿರಿ ಬಿಸಿನೆಸ್ ಸ್ಕೂಲ್. ಬೇರೆಯವರು ಲಾಭ ಮಾಡುವುದನ್ನಷ್ಟೇ ಕಲಿಸುತ್ತಾರಂತೆ, ಇವರು ಜೊತೆಗೆ ಮನುಷ್ಯತ್ವವನ್ನೂ ಕಲಿಸುತ್ತಾರಂತೆ. ನೈತಿಕತೆ, ಸಾಮಾಜಿಕ ಹೊಣೆಗಾರಿಕೆ, ಜಾಗತಿಕ ಅನುಭವ ಎಂದು ಗೇಟಿನ ಮೇಲೆಯೇ ಬರೆಸಿದ್ದರು. ಆದರೆ ಅಲ್ಲಿಯ ಕಾರುಗಳು ಎಬ್ಬಿಸುವ ಧೂಳೆಲ್ಲ ಕೆಳಗಿನ ಕೂಲಿ ಲೈನಿನ ಸಾಲುಮನೆಗಳ ಅನ್ನದ ತಟ್ಟೆಗೇ ಬೀಳುತ್ತಿತ್ತು. ಅದಕ್ಕೆ ಯಾರೂ ಹೊಣೆಯಾಗಿರಲಿಲ್ಲ.

ಶೆಡ್ಡಿನ ಪಕ್ಕ ಸ್ಪ್ರಿಂಕ್ಲರಿನ ಕಬ್ಬಿಣದ ಪೈಪುಗಳನ್ನು ಒಟ್ಟಿದ್ದರು. ಒಂದು ತುಂಡಿನ ತುದಿಯಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ವಾಣಿ ಅದನ್ನು ಬಟ್ಟೆಯಲ್ಲಿ ಸುತ್ತಿಸಿದಳು.

"ಮೇಡಂ, ಕೊಲೆಗಾರ ಸಿಕ್ಕಾಗಿದೆ," ಎಂದು ಓಡಿ ಬಂದ ಸ್ಕೂಲಿನ ವಾಚ್‌ಮನ್. "ಹುಡುಗರು ಹಿಡ್ಕೊಂಡು ಬಂದವ್ರೆ."

ವಾಣಿ ಹಲ್ಲು ಕಡಿದಳು. ಅವಳ ಕೆಲಸವನ್ನು ಬೇರೆಯವರು ಮಾಡಿಕೊಡುವುದು ಅವಳಿಗೆ ಆಗಿಬರುತ್ತಿರಲಿಲ್ಲ.

*

ಸ್ಕೂಲಿನ ಅಂಗಳದ ಕಂಬಕ್ಕೆ ಒಬ್ಬನನ್ನು ಕಟ್ಟಿಹಾಕಿದ್ದರು. ಎಸ್ಟೇಟಿನ ಆಳು ಧರ್ಮ. ತುಟಿ ಒಡೆದಿತ್ತು. ಸುತ್ತ ನಿಂತ ಹುಡುಗ ಹುಡುಗಿಯರ ಕೊರಳಲ್ಲೆಲ್ಲ ಹೆಸರು ಬರೆದ ಕಾರ್ಡು, ಅದಕ್ಕೆ ನೀಲಿ ಪಟ್ಟಿ.

"ಬಿಚ್ಚಿ ಅವನನ್ನ," ಎಂದಳು ವಾಣಿ. "ಹೊಡೆದಿದ್ದು ಯಾರು?"

ಹುಡುಗರು ಒಬ್ಬರ ಹಿಂದೊಬ್ಬರು ಸರಿದರು. ಡೈರೆಕ್ಟರ್ ವಸಂತ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು.

"ಹೋದ ವಾರ ಇವನು ನಮ್ಮ ಕ್ಯಾಮೆರಾ ಒಡೆದ. ನಟರಾಜ್ ಕತ್ತಿನ ಪಟ್ಟಿ ಹಿಡಿದು, ಕೆರೆಗೆ ಹಾಕ್ತೀನಿ ಅಂದ. ಎಲ್ಲರೂ ಕೇಳಿದ್ದಾರೆ. ಇನ್ನೇನು ಬೇಕು ನಿಮಗೆ?"

"ಅಂದಿದ್ದು ನಿಜ," ಎಂದ ಧರ್ಮ, ತುಟಿ ಒರೆಸಿಕೊಂಡು. "ನಮ್ಮವ್ವನ ಫೋಟೋ ತೆಗ್ದು, ಇವರನ್ನ ನಾವು ಉದ್ಧಾರ ಮಾಡಿದ್ವಿ ಅಂತ ಗೋಡೆಗೆ ಹಾಕವ್ರೆ. ನಮಗೇನ್ ಮಾಡವ್ರೆ ಇವರು? ಆದ್ರೆ ಮೇಷ್ಟ್ರು ಆಮೇಲೆ ಲೈನಿಗೆ ಬಂದು ಅವ್ವನ ತಾವ ತಪ್ಪಾಯ್ತು ಅಂದ್ರು. ಅವರ ಮೇಲೆ ನಂಗೇನೂ ಇಲ್ಲ."

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆ?"

"ಮನೇಲಿ ಮಲಗಿದ್ದೆ."

"ಸುಳ್ಳು," ಎಂದಿತು ಹಿಂದಿನಿಂದ ಒಂದು ತೆಳು ದನಿ.

ಗುಂಪು ದಾರಿ ಬಿಟ್ಟಿತು. ಪೂಜಿತಾ. ಸ್ಕೂಲಿನ ಚಿನ್ನದ ಹುಡುಗಿ. ಲೈನಿನ ಹೆಂಗಸರ ಜೊತೆ ಕೂತು, ಅವರ ಕಷ್ಟಸುಖ ಕೇಳಿ ಅಧ್ಯಯನ ಮಾಡಿದಳೆಂದು ಡೆನ್ಮಾರ್ಕಿನ ಕಾಲೇಜಿಗೆ ಆಯ್ಕೆಯಾದವಳು. ಪೇಪರಿನಲ್ಲಿ ಫೋಟೋ ಬಂದಿತ್ತು. ಅವಳ ಕೊರಳು ಮಾತ್ರ ಬರಿದಾಗಿತ್ತು.

"ನಾನು ಕೆರೆ ಮೇಲಿನ ತೋಟದಲ್ಲಿದ್ದೆ," ಎಂದಳು ಪೂಜಿತಾ. "ಹೆಂಗಸರು ಕಳೆ ತೆಗೀತಾ ಇದ್ರು. ಅವರ ಮಧ್ಯೆ ಕೂತು ಮಾತಾಡ್ತಿದ್ದೆ. ಇಡೀ ತೋಟ ಹೂವಾಗಿತ್ತು. ಗಿಡ ಅಲ್ಲಾಡಿದಾಗೆಲ್ಲ ನಮ್ಮ ತಲೆ ಮೇಲೆ ಹೂ ಉದುರ್ತಿತ್ತು. ಆಗ ಇವನು ಪೈಪ್ ಎತ್ತಿ ಸರ್‌ಗೆ ಹೊಡೆದ. ಆಮೇಲೆ ತೋಟದೊಳಗೇ ನುಗ್ಗಿ ಓಡಿದ."

"ನಿನ್ನೆಯೇ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು," ಎಂದು ಅವಳು ಕಣ್ಣೊರೆಸಿಕೊಂಡಳು.

ಕಣ್ಣಾರೆ ಕಂಡ ಸಾಕ್ಷಿ. ಸಂಜೆಯೊಳಗೆ ಧರ್ಮನನ್ನು ಕೋರ್ಟಿಗೆ ಹಾಜರುಪಡಿಸಿದರೆ ಕೇಸು ಮುಗಿಯಿತು. ಹಾಸನದಿಂದ ಸಾಹೇಬರ ಫೋನೂ ಅದನ್ನೇ ಹೇಳಿತು. ಧರ್ಮನ ಬದುಕೂ ಅಲ್ಲಿಗೆ ಮುಗಿಯಿತು ಎಂಬುದನ್ನು ಯಾರೂ ಹೇಳಲಿಲ್ಲ.

*

ಲೈನಿನಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಪೊಲೀಸರೆಂದರೆ ಅಲ್ಲಿ ಯಾರಿಗೂ ಪ್ರೀತಿ ಉಕ್ಕುತ್ತಿರಲಿಲ್ಲ. ಕೊನೆಯ ಮನೆಯ ಹೊಸ್ತಿಲಲ್ಲಿ ಧರ್ಮನ ತಾಯಿ ಭದ್ರಮ್ಮ ಕುಳಿತಿದ್ದಳು.

"ನಿನ್ನೆ ಬೆಳಿಗ್ಗೆ ಕೆರೆ ಹತ್ರ ಏನು ನೋಡಿದ್ರಿ?"

"ಏನೂ ನೋಡಿಲ್ಲ."

"ಮೇಲಿನ ತೋಟದಲ್ಲಿ ಕಳೆ ತೆಗೀತಿದ್ದವರು ಯಾರು ಯಾರು?"

"ನಾವ್ಯಾರೂ ತೋಟಕ್ಕೇ ಹೋಗಿಲ್ಲ."

"ಮಗನನ್ನ ಉಳಿಸೋಕೆ ಎಲ್ಲರೂ ಮಾತಾಡಿಕೊಂಡಿದ್ದೀರಾ?"

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಜ ಹೇಳಿದ್ರೂ ಸುಳ್ಳು ಅಂತೀಯ. ನಿಮ್ ತಾವ ಮಾತಾಡಿ ಏನಾಗ್ಬೇಕು ತಾಯಿ? ನನ್ ಮಗ್ನ ಹೊಡ್ದು ರಕ್ತ ಬರ್ಸವ್ರೆ, ಅವರನ್ನ ಕೇಳಿದ್ಯಾ?"

ವಾಣಿಗೆ ಮುಖಕ್ಕೆ ಹೊಡೆದಂತಾಯಿತು. ಸಿಟ್ಟಿನಲ್ಲೇ ಅಲ್ಲಿಂದ ಹೊರಟಳು.

*

ತೋಟದೊಳಗೆ ಓಡಿದ ಅಂದಮೇಲೆ ಹೆಜ್ಜೆ ಗುರುತು ಇರಬೇಕು. ವಾಣಿ ಕೆರೆ ಮೇಲಿನ ಗೇಟಿಗೆ ಬಂದಳು. ಬೇಲಿಯಾಚೆ ಕಾಫಿ ಗಿಡಗಳ ರೆಂಬೆ ರೆಂಬೆಯೂ ಬೆಳ್ಳಗಿತ್ತು. ಗಮಗಮ ಎನ್ನುವ ವಾಸನೆ, ಜೇನುನೊಣಗಳ ಗುಂಯ್‌ಗುಡುವಿಕೆ. ಗೇಟಿಗೆ ಸರಪಳಿ, ಬೀಗ. ಎದುರಿಗೆ ಕುರ್ಚಿ ಹಾಕಿಕೊಂಡು ಎಸ್ಟೇಟಿನ ಯಜಮಾನ ಸುಬ್ಬಯ್ಯ ಕುಳಿತಿದ್ದರು.

"ಬೀಗ ತೆಗೀರಿ."

"ಆಗಲ್ಲ."

"ಇದು ಕೊಲೆ ಕೇಸು."

"ಕೊಲೆ ಆಗಿರೋದು ಕೆರೇಲಿ. ತೋಟಕ್ಕೆ ಯಾಕೆ ಬರ್ತೀರಿ? ನಾಡಿದ್ದು ಬನ್ನಿ, ನಾನೇ ತೆಗೀತೀನಿ."

ವಾಣಿಯೊಳಗೆ ಅನುಮಾನ ಹೆಡೆ ಎತ್ತಿತು. ಈ ಮನುಷ್ಯ ಒಳಗೆ ಏನು ಬಚ್ಚಿಟ್ಟಿದ್ದಾನೆ? ಸ್ಕೂಲಿಗೆ ಜಾಗ ಕೊಟ್ಟವನೂ ಇವನೇ. ದಾರಿಯ ಜಗಳದಲ್ಲಿ ಸ್ಕೂಲಿನ ಮೇಲೆ ಕೇಸು ಹಾಕಿದವನೂ ಇವನೇ.

"ದೇವೀರಪ್ಪ, ಬೀಗ ಒಡಿ."

ಸುಬ್ಬಯ್ಯ ಗೇಟಿಗೆ ಬೆನ್ನು ಕೊಟ್ಟು ನಿಂತರು. "ನನ್ನನ್ನ ಒಡ್ದು ಹೋಗಿ. ಯಾವ ಊರಿನೋರು ರೀ ನೀವು?"

"ಅರಸೀಕೆರೆ."

"ಅದಕ್ಕೇ. ತೆಂಗಿನ ಸೀಮೆ. ಕಾಫಿ ಹೂ ಬಿರಿದ್ರೆ ತೋಟಕ್ಕೆ ನಾಯೀನೂ ಬಿಡಲ್ಲ ಕಣ್ರೀ. ರೆಂಬೆಗೆ ಮೈ ತಾಗಿ ಹೂ ಕದಲಿದ್ರೆ ಕಾಯಿ ಕಚ್ಚಲ್ಲ. ವರ್ಷದ ಬೆಳೆ ಹೋಗ್ಬುಡ್ತದೆ. ನಿನ್ನೆ ಬೆಳಗಾಗೋ ಹೊತ್ತಿಗೆ ಹೂ ಬಿರಿದಿತ್ತು. ಮೊನ್ನೆ ಸಂಜೇನೇ ಬೀಗ ಹಾಕಿದೀನಿ, ಕೀಲಿ ನನ್ನ ಸೊಂಟದಲ್ಲೈತೆ. ಆಳುಗಳಿಗೆಲ್ಲ ರಜೆ."

ವಾಣಿ ಬೀಗದ ಮೇಲಿಟ್ಟಿದ್ದ ಕೈ ತೆಗೆದಳು.

"ಬೇರೆ ಎಸ್ಟೇಟಿನಲ್ಲೂ ಹೀಗೇನಾ?"

"ಈ ಸೀಮೇಲಿ ಯಾವ ಎಸ್ಟೇಟಲ್ಲಾದ್ರೂ ಕೇಳಿ. ಹೂವಿನ ದಿನ ಆಳು ಇಳಿಸೋ ಹುಚ್ಚ ಯಾವನೂ ಇಲ್ಲ." ಸುಬ್ಬಯ್ಯನವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಂದಹಾಗೆ ನನ್ನ ಪಂಪಿಗೇನು ಮಾಡಿದ್ರಿ? ನೀವು ಹೆಣ ಎತ್ತಿದ ಮೇಲೆ ನರ್ಸರಿಗೆ ನೀರು ಬಿಡೋಣ ಅಂದ್ರೆ ಮೋಟರ್ ಓಡ್ತದೆ, ನೀರೇ ಎಳೀತಿಲ್ಲ."

ವಾಣಿ ಕೆರೆಯ ಕಡೆ ತಿರುಗಿದಳು. ಪೂಜಿತಾಳ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಆಮೇಲೆ ಭದ್ರಮ್ಮನ ಮಾತು. ಆ ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ತಾನೇ ಅದನ್ನು ಸುಳ್ಳೆಂದು ತಿಳಿದಿದ್ದಳು. ವಾಣಿಗೆ ನಾಚಿಕೆಯಾಯಿತು.

"ದೇವೀರಪ್ಪ, ಪಂಪಿನ ಬಾಯಿಗೆ ಏನು ಸಿಕ್ಕಿದೆ ನೋಡು. ನೀರಿಗಿಳಿ."

*

ಡೈರೆಕ್ಟರ್ ವಸಂತ ಮೊದಲು ಹಾರಾಡಿದರು. ಮಂತ್ರಿಗಳ ಹೆಸರು ಹೇಳಿದರು. ವಾಣಿ ಎದುರಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

"ಮೊನ್ನೆ ಸಂಜೆ ಈ ಕೋಣೆಯಲ್ಲಿ ನಿಮಗೂ ನಟರಾಜ್‌ಗೂ ಜಗಳ ಆಯ್ತು. ನಿಮ್ಮ ವಾಚ್‌ಮನ್ ಕೇಳಿಸ್ಕೊಂಡಿದ್ದಾನೆ. ಈಗ ಹೇಳ್ತೀರೋ, ಠಾಣೆಯಲ್ಲಿ ಹೇಳ್ತೀರೋ?"

ವಸಂತ ಎದ್ದು ಬಾಗಿಲು ಮುಚ್ಚಿದರು. "ನಾನು ಅವನನ್ನ ಮುಟ್ಟಿಲ್ಲ."

"ಜಗಳ ಯಾತಕ್ಕೆ?"

"ಪೂಜಿತಾ ವಿಷಯಕ್ಕೆ. ಅವಳು ಲೈನಿಗೆ ಕಾಲೇ ಇಟ್ಟಿಲ್ಲ, ಹಾಸ್ಟೆಲ್ ಕೋಣೆಯಲ್ಲಿ ಕೂತು ಎಲ್ಲ ಕಟ್ಟಿ ಬರೆದಿದ್ದಾಳೆ ಅಂದ. ವಿದೇಶದವರಿಗೆ ತಿಳಿಸಬೇಕು ಅಂದ. ಪೇಪರಿನಲ್ಲೆಲ್ಲ ಬಂದುಬಿಟ್ಟಿದೆ, ಸುಮ್ಮನಿರು ಮಾರಾಯ ಅಂದೆ."

"ಅವಳಿಗೆ ಇದು ಗೊತ್ತಿತ್ತಾ?"

"ನಾನೇ ಹೇಳಿದೆ," ಎಂದರು ವಸಂತ, ನೆಲ ನೋಡುತ್ತ. "ಹೋಗಿ ಅವನ ಕಾಲು ಹಿಡಿ ಅಂದೆ. ಬೆಳಿಗ್ಗೆ ಕೆರೆ ದಂಡೆಗೆ ವಾಕಿಂಗ್ ಬರ್ತಾನೆ ಅಂತಲೂ ಹೇಳಿದೆ."

"ಹೆಣ ಸಿಕ್ಕಾಗ ಬಾಯಿಗೆ ಬೀಗ ಯಾಕೆ ಹಾಕಿಕೊಂಡ್ರಿ?"

"ಸ್ಕೂಲಿನ ಮರ್ಯಾದೆ."

ಒಬ್ಬ ಬಡವನನ್ನು ಜೈಲಿಗೆ ಕಳಿಸಿ ಉಳಿಸಿಕೊಳ್ಳುವ ಮರ್ಯಾದೆ. ವಾಣಿಗೆ ಹೇಸಿಗೆಯಾಯಿತು.

*

ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದಳು. ಒಂದು ಕಡೆ ವಿದ್ಯಾರ್ಥಿಗಳು. ಇನ್ನೊಂದು ಕಡೆ ಲೈನಿನ ಹೆಂಗಸರು, ನೆಲದ ಮೇಲೆ. ಕುರ್ಚಿ ಇದ್ದವು, ಕೂರಿ ಎಂದು ಯಾರೂ ಹೇಳಿರಲಿಲ್ಲ. ವಾಣಿ ಹೇಳಿದ ಮೇಲೆ ಅವರು ಎದ್ದು ಕುರ್ಚಿಯ ಅಂಚಿಗೆ ಕೂತರು. ಗೋಡೆಯ ತುಂಬ ದೊಡ್ಡ ಪೋಸ್ಟರು: ಕಾಫಿ ಬುಟ್ಟಿ ಹೊತ್ತ ಭದ್ರಮ್ಮ, ಕೆಳಗೆ ಇಂಗ್ಲಿಷಿನಲ್ಲಿ ಸ್ಕೂಲಿನ ಹೊಗಳಿಕೆ.

"ಪೂಜಿತಾ, ನಿನ್ನೆ ನಿಮ್ಮ ಜೊತೆ ತೋಟದಲ್ಲಿದ್ದವರು ಇವರೇ ತಾನೆ?"

"ಹೌದು."

"ಒಬ್ಬರ ಹೆಸರು ಹೇಳಿ."

ಪೂಜಿತಾ ಆ ಮುಖಗಳ ಮೇಲೆ ಕಣ್ಣಾಡಿಸಿದಳು. ಎಲ್ಲವೂ ಅವಳನ್ನೇ ನೋಡುತ್ತಿದ್ದವು. ಒಂದು ಮುಖವೂ ಕರಗಲಿಲ್ಲ. "ಶಾಕ್‌ನಲ್ಲಿ ನೆನಪಾಗ್ತಿಲ್ಲ," ಎಂದಳು.

"ಭದ್ರಮ್ಮ, ಈ ಹುಡುಗಿ ಗೊತ್ತಾ?"

"ಇವತ್ತೇ ನೋಡ್ತಿರೋದು. ಮೇಷ್ಟ್ರೂ ಹಿಂಗೇ ಬಂದು ಕೇಳಿದ್ರು, ಒಂದು ಹುಡ್ಗಿ ಬರ್ತಿತ್ತಾ ಅಂತ. ಇಲ್ಲ ಅಂದ್ವಿ. ಪಾಪ, ಅವರ ಮುಖ ಸಪ್ಪಗಾಯ್ತು."

"ನೀವೆಲ್ಲ ನಿನ್ನೆ ತೋಟದಲ್ಲಿ ಕಳೆ ತೆಗೀತಿದ್ರಂತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೂವಿನ ದಿನವಾ?" ಎಂದಳು ಭದ್ರಮ್ಮ. "ಯಜಮಾನ್ರು ಕಾಲು ಮುರಿತಾರೆ."

ವಾಣಿ ಪೂಜಿತಾಳ ಹತ್ತಿರ ಬಂದಳು. "ತಲೆ ಮೇಲೆ ಹೂ ಉದುರ್ತಿತ್ತು ಅಂದ್ರಲ್ಲ, ಆ ಮಾತು ಹೇಳದೇ ಇದ್ದಿದ್ರೆ ನಾನು ನಂಬ್ತಿದ್ದೆ. ಹೂ ಬಿರಿದ ತೋಟಕ್ಕೆ ಇಲ್ಲಿ ಯಾರೂ ಕಾಲಿಡಲ್ಲ. ಒಂದು ಸಲ ಇವರ ಜೊತೆ ಕೂತು ಮಾತಾಡಿದ್ರೂ ನಿಮಗದು ತಿಳೀತಿತ್ತು. ಹೆಂಗಸರೂ ಇರಲಿಲ್ಲ, ನೀವೂ ಇರಲಿಲ್ಲ. ಗೇಟಿಗೆ ಬೀಗ. ಹಾಗಾದ್ರೆ ಪೈಪ್ ಎತ್ತಿದ್ದನ್ನ ಎಲ್ಲಿ ನಿಂತು ನೋಡಿದ್ರಿ? ಪೈಪ್ ವಿಷಯವನ್ನ ನಾನು ಯಾರಿಗೂ ಹೇಳಿರಲಿಲ್ಲ."

ಪೂಜಿತಾ ವಸಂತರ ಕಡೆ ನೋಡಿದಳು. ಅವರು ಮುಖ ತಿರುಗಿಸಿಕೊಂಡರು.

"ನಿಮ್ಮ ಕೊರಳ ಕಾರ್ಡ್ ಎಲ್ಲಿ?"

"ರೂಮಿನಲ್ಲಿದೆ."

ದೇವೀರಪ್ಪ ಮುಂದೆ ಬಂದ. ಒದ್ದೆ ಬಟ್ಟೆಯಲ್ಲೇ ಇದ್ದ. ಅವನ ಕೈಯಲ್ಲಿ ಹರಿದ ನೀಲಿ ಪಟ್ಟಿ, ತುದಿಗೆ ಕೆಸರು ಮೆತ್ತಿದ, ಪೂಜಿತಾಳ ಹೆಸರಿನ ಕಾರ್ಡು. "ಪಂಪಿನ ಜಾಲರಿಗೆ ಅಂಟ್ಕೊಂಡಿತ್ತು ಮೇಡಂ. ಅದಕ್ಕೇ ನೀರೆಳೀತಿರಲಿಲ್ಲ."

"ಏಟು ತಿಂದು ತಿರುಗಿದ ನಟರಾಜ್ ಬೀಳುವಾಗ ಹಿಡಿದು ಎಳೆದದ್ದು," ಎಂದಳು ವಾಣಿ.

ಪೂಜಿತಾ ಅಳಲಿಲ್ಲ. ಅವಳ ದನಿಯಲ್ಲಿ ಬರೀ ಸಿಟ್ಟಿತ್ತು. "ಸುಮ್ಮನಿರಿ ಅಂತ ಎಷ್ಟು ಬೇಡಿಕೊಂಡೆ. ಆ ಹೆಂಗಸರ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು, ಆಮೇಲೆ ನೋಡೋಣ ಅಂದ್ರು. ನಾನು ಯಾಕೆ ಬೀಳಬೇಕು? ಎಲ್ಲರೂ ಹೀಗೇ ತಾನೆ ಬರೆಯೋದು. ಅವರು ಬೆನ್ನು ತಿರುಗಿಸಿ ಹೊರಟುಬಿಟ್ರು."

"ಧರ್ಮ ನಿಮಗೇನು ಮಾಡಿದ್ದ?"

"ಅವನ ಮೇಲೆ ಹೇಗೂ ಎಲ್ಲರಿಗೂ ಅನುಮಾನ ಇತ್ತು," ಎಂದಳು, ಲೆಕ್ಕ ಒಪ್ಪಿಸುವವಳಂತೆ.

ಅವಳನ್ನು ಕರೆದೊಯ್ದರು. ವಸಂತ ವಾಣಿಯ ಪಕ್ಕ ಬಂದು ದನಿ ತಗ್ಗಿಸಿದರು. "ಪೇಪರಿನವರಿಗೆ ಸ್ಕೂಲಿನ ಹೆಸರು ಹೇಳದಿದ್ರೆ..."

"ನಿಮ್ಮದೂ ಹೇಳಿಕೆ ಬೇಕು. ಜೀಪು ಹತ್ತಿ. ಧರ್ಮನನ್ನ ಕಟ್ಟಿ ಹೊಡೆದ ಹುಡುಗರೂ ಬರಲಿ."

ಬಾಗಿಲ ಬಳಿ ಧರ್ಮ ನಿಂತಿದ್ದ. ವಾಣಿ ಭದ್ರಮ್ಮನ ಕಡೆ ತಿರುಗಿದಳು. "ನಿಮ್ಮ ಮಾತನ್ನ ನಾನು ನಂಬಬೇಕಿತ್ತು," ಎಂದಳು.

ಭದ್ರಮ್ಮ ಮಗನ ತುಟಿಯನ್ನು ಸೆರಗಿನಿಂದ ಒತ್ತಿ ನೋಡಿದಳು. ಆಮೇಲೆ ಕುರ್ಚಿಯೊಂದನ್ನು ಗೋಡೆಯ ತನಕ ಎಳೆದು, ಹತ್ತಿ ನಿಂತು, ಪೋಸ್ಟರಿನ ಮೂಲೆಗೆ ಕೈ ಹಾಕಿದಳು.

"ರೀ, ಅದು ಸ್ಕೂಲಿನ ಆಸ್ತಿ," ಎಂದ ವಾಚ್‌ಮನ್.

"ಮುಖ ನಂದು," ಎಂದಳು ಭದ್ರಮ್ಮ. ಪರ್ ಎಂದು ಕಿತ್ತು, ಮಡಚಿ, ಕಂಕುಳಿಗೆ ಸಿಕ್ಕಿಸಿಕೊಂಡು ಮಗನ ಕೈ ಹಿಡಿದು ಹೊರಟಳು.