ಖಾಲಿ ಬಾಯಿ

"ಆ ಖಣ್ಯಾಗ ಹಾಡೂದಾದ್ರ ಬಾಯಿ ತುಂಬ ಹಾಡು, ಇಲ್ಲಂದ್ರ ತುಟಿ ಮುಚ್ಚಿಕೊಂಡು ಕುಂದ್ರು," ಎಂದಳು ಚಿಕ್ಕಮ್ಮ ಸಾಬಮ್ಮ. "ಬರೇ ತುಟಿ ಆಡಿಸಬ್ಯಾಡ ಹಣಮಿ. ಖಾಲಿ ಬಾಯಿ ಕಂಡ್ರ ಅಕಿ ಬಿಡಂಗಿಲ್ಲ."

ಸಾಬಮ್ಮನ ಬಾಯಲ್ಲಿ ಇನ್ನೂ ಹಣಮಿಯೇ ಆಗಿದ್ದ ಲಲಿತಾಬಾಯಿ ಜೋಳದ ರೊಟ್ಟಿಯ ಚೂರನ್ನು ಪುಂಡಿಪಲ್ಯಕ್ಕೆ ಒತ್ತಿ ಬಾಯಿಗಿಟ್ಟುಕೊಂಡು ನಕ್ಕಳು. "ತುಂಬ್ಯಾದ ನೋಡು ಸಣ್ಣವ್ವ, ಖಾಲಿ ಎಲ್ಲದ? ಅಕಿ ಬಂದ್ರ ಅಕಿಗೂ ಒಂದು ರೊಟ್ಟಿ ಹಾಕು."

ಸಾಬಮ್ಮ ನಗಲಿಲ್ಲ. ಒಲೆಯ ಮುಂದಿನಿಂದ ಕದಲದೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಆ ಕತೆ ಹೇಳಿದಳು. ನಿಜಾಮರ ಆಳ್ವಿಕೆ ಗಟ್ಟಿಯಾಗಿದ್ದ ಕಾಲ. ಶಹಾಬಾದಿನ ಕಲ್ಲಿನ ಸಾಹುಕಾರನೊಬ್ಬನ ಮನೆಯಲ್ಲಿ ಹಾಡಲು ಸುಂದರಬಾಯಿ ಎಂಬವಳಿದ್ದಳು. ಸಿನಿಮಾಕ್ಕೆ ಆಗಿನ್ನೂ ಮಾತು ಬಂದ ಹೊಸದು. ಮುಂಬಯಿಗೆ ಹೋಗಿ ಹಾಡುತ್ತೇನೆ ಎಂದು ಅವಳು ಹೊರಟು ನಿಂತಳು. ಸಾಹುಕಾರ ಬೇಡವೆಂದ. ಅವಳು ಕೇಳಲಿಲ್ಲ. ಅವನು ಕುಂಚಾವರಂ ಕಾಡಿನ ಕಡೆಯ ಮಾಟಗಾರನನ್ನು ಕರೆಸಿ ಅವಳ ಬಾಯಿ ಕಟ್ಟಿಸಿದ. ಆಡಿನ ನಾಲಿಗೆಗೆ ಅವಳ ತಲೆಕೂದಲು ಸುತ್ತಿ, ಸೂಜಿಗಳನ್ನು ಚುಚ್ಚಿ, ತನ್ನ ಕಲ್ಲಿನ ಖಣಿಯ ತಳದ ಚಪ್ಪಡಿಯ ಕೆಳಗೆ ಹೂಳಿಸಿದ. ವಾಡಿ ಸ್ಟೇಷನ್ನಿನ ಕಿಟಕಿಯ ಮುಂದೆ ನಿಂತಾಗ ಸುಂದರಬಾಯಿಗೆ ಟಿಕೀಟು ಕೇಳಲಿಕ್ಕೂ ದನಿ ಹೊರಡಲಿಲ್ಲ. ತಿರುಗಿ ಬಂದು ಖಣಿಯ ನೀರಿಗೆ ಬಿದ್ದಳು. ಹೆಣ ಸಿಕ್ಕಿತು. ದನಿ ಅಲ್ಲೇ ಉಳಿಯಿತು.

ಅಂದಿನಿಂದ ಆ ದನಿ ಬಾಯಿ ಹುಡುಕುತ್ತದೆ. ಖಣಿಯ ಪಕ್ಕದ ದಾರಿಯಲ್ಲಿ ಹೋಗುವವರು ಜೋರಾಗಿ ಮಾತಾಡುತ್ತ ಹೋಗುತ್ತಾರೆ, ಇಲ್ಲವೇ ಬಟ್ಟೆಯ ತುದಿ ಕಚ್ಚಿಕೊಂಡು ಹೋಗುತ್ತಾರೆ. ಸದ್ದಿಲ್ಲದೆ ತುಟಿಯಲ್ಲೇ ಜಪ ಮಾಡುತ್ತ ಹೋದ ಅಯ್ಯನೊಬ್ಬ ಹೆಣ್ಣುದನಿಯಲ್ಲಿ ಹಾಡುತ್ತ ಮನೆಗೆ ಬಂದನಂತೆ. ಹಾಡುತ್ತಲೇ ಸತ್ತನಂತೆ.

"ನನ್ನ ಬಾಯಿ ಕಟ್ಟಿದವರು ಮದ್ರಾಸಿನಾಗ ಕೋಟು ಹಾಕ್ಕೊಂಡು ಕುಂತಾರ ಸಣ್ಣವ್ವ," ಎಂದು ಲಲಿತಾಬಾಯಿ ಕೈ ತೊಳೆದಳು. "ಅವರಿಗಿ ಸೂಜಿನೂ ಬೇಕಾಗಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಹಣಮಮ್ಮ ಎಂಬ ಹುಡುಗಿ ಚಿತ್ತಾಪುರದಲ್ಲಿ ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯ ಬಂಡಿ ಹತ್ತಿದ್ದಳು. ಲಲಿತಾಬಾಯಿ ಎಂಬ ಹೆಸರು ಕಂಪನಿಯವರು ಇಟ್ಟದ್ದು. ಆಮೇಲೆ ಸಿನಿಮಾ. ಮೊದಮೊದಲು ಹಾಡುವವರೇ ನಟಿಸಬೇಕಿತ್ತು. ಗಿಡದ ಟೊಂಗೆಯಲ್ಲಿ ಮೈಕು ಬಚ್ಚಿಟ್ಟು, ಪೊದೆಯ ಹಿಂದೆ ತಬಲದವನನ್ನು ಕೂರಿಸಿ, ಸೊಳ್ಳೆ ಕಡಿದರೂ ಮುಖ ಕಿವುಚದೆ ಅವಳು ಹಾಡಿದ್ದಳು. ಅವಳದು ದಪ್ಪ ದನಿ. ಕೊನೆಯ ಬೆಂಚಿನವನಿಗೂ ಎದೆಗೆ ತಾಕುವ ದನಿ. ಆಮೇಲೆ ಕಾಲ ತಿರುಗಿತು. ಹಾಡು ಒಬ್ಬಳದು, ಮುಖ ಇನ್ನೊಬ್ಬಳದು ಎಂದಾಯಿತು. ಈಚಿನ ಸಿನಿಮಾಗಳಲ್ಲಿ ಅವಳ ಬಾಯಿಂದ ಯಾರದೋ ಸಣ್ಣ ದನಿ ಹೊರಡುತ್ತಿತ್ತು. ಥೇಟರಿನ ಕತ್ತಲಲ್ಲಿ ಕೂತು ಅದನ್ನು ನೋಡುವಾಗ ತನ್ನ ಹೆಣವನ್ನು ಯಾರೋ ದಾರ ಕಟ್ಟಿ ಕುಣಿಸಿದ ಹಾಗೆ ಅನ್ನಿಸುತ್ತಿತ್ತು.

ಈ ಸಿನಿಮಾ ಬೇರೆ. ನಿಜಾಮರ ಆಳ್ವಿಕೆಗೆ ಕೊನೆ ತಂದ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಶಹಾಬಾದಿನ ರೇವಣಪ್ಪ ಸಾಹುಕಾರ ಕಲ್ಲಿನ ದುಡ್ಡನ್ನು ಸಿನಿಮಾಕ್ಕೆ ಹಾಕಿದ್ದ. ಖಣಿಯಲ್ಲಿ ತೆಗೆಯುವ ಹಾಡು ನಿಮ್ಮ ದನಿಯಲ್ಲೇ ಎಂದು ಮಾತು ಕೊಟ್ಟಿದ್ದ. ಮದ್ರಾಸಿನಲ್ಲಿ ಅವಳು ಅದನ್ನು ಹಾಡಿ ಮುಗಿಸಿದಾಗ ಪಿಟೀಲಿನವರು ಕಮಾನಿನಿಂದ ಸ್ಟ್ಯಾಂಡು ಬಡಿದು ಮೆಚ್ಚಿದ್ದರು. ಈ ಒಂದು ಹಾಡು ಊರೂರಿಗೆ ಮುಟ್ಟಿದರೆ ಮತ್ತೆ ಯಾರೂ ತನ್ನ ಬಾಯಿಗೆ ಬೇರೆಯವಳ ದನಿ ಹಾಕಲಾರರು. ಅದಕ್ಕಾಗಿಯೇ ಅವಳು ರೈಲು ಹತ್ತಿ ಬಂದದ್ದು. ಖಣಿ ಯಾರದು ಎಂಬುದೂ ಅವಳಿಗೆ ಗೊತ್ತಿತ್ತು. ಸುಂದರಬಾಯಿಯ ಬಾಯಿ ಕಟ್ಟಿಸಿದ ಸಾಹುಕಾರನ ಮಗನೇ ಈ ರೇವಣಪ್ಪ.

ಶೂಟಿಂಗಿನ ದಿನ ಮಧ್ಯಾಹ್ನದ ಬಿಸಿಲು ಮೇಲೆ ಸುಡುತ್ತಿತ್ತು. ಕೆಳಗೆ ಖಣಿಯಲ್ಲಿ ಆಗಲೇ ಕತ್ತಲು ಕೂತಿತ್ತು. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪದರಗಳು, ಅವುಗಳ ಸಂದಿಯಿಂದ ಜಿನುಗುವ ನೀರು, ತಳದಲ್ಲಿ ಕಪ್ಪುಹಸಿರು ಮಡು. ಕಲ್ಲು ಸಿಡಿಸಿದ ಹಳೆಯ ಮದ್ದಿನ ವಾಸನೆ, ಒದ್ದೆ ಸುಣ್ಣದ ವಾಸನೆ, ಸತ್ತ ಕಪ್ಪೆಯ ವಾಸನೆ. ಲಲಿತಾಬಾಯಿ ಮಡುವಿನ ಅಂಚಿನ ಚಪ್ಪಡಿಯ ಮೇಲೆ ನಿಂತು, ನಾಟಕದವರ ರೂಢಿಯಂತೆ ಜಾಗದ ದನಿ ನೋಡಲು ಚಪ್ಪಾಳೆ ಹೊಡೆದಳು.

ಏನೂ ತಿರುಗಿ ಬರಲಿಲ್ಲ. ಸುತ್ತ ಕಲ್ಲಿನ ಗೋಡೆ, ಆದರೂ ಬರಲಿಲ್ಲ. ಉಸುಕಿನಲ್ಲಿ ನೀರು ಇಂಗಿದಂತೆ ಚಪ್ಪಾಳೆ ಇಂಗಿಹೋಯಿತು.

"ಖಣಿಗೂ ಸಂಗೀತ ಸೇರಂಗಿಲ್ಲ ಕಾಣ್ತದ," ಎಂದಳು. ಸುತ್ತಲಿನವರು ನಕ್ಕರು. ಗ್ರಾಮಫೋನು ನೋಡಿಕೊಳ್ಳುವ ವಾಡಿಯ ಜಹಾಂಗೀರ ಮಾತ್ರ ನಗಲಿಲ್ಲ. ಅವನು ರುಮಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

ರೇವಣಪ್ಪ ಕ್ಯಾಮರಾದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ನಟಿ ಸಾಲು ಮರೆಯಬಾರದೆಂದು ಎದುರಿಗೆ ಕೂತು ಹಾಡಿನುದ್ದಕ್ಕೂ ತಾನೂ ತುಟಿ ಆಡಿಸುವುದು ಅವನ ಚಟ. ಡೈರೆಕ್ಟರು ಕೈ ಎತ್ತಿದ. ಜಹಾಂಗೀರ ತಟ್ಟೆಯ ಮೇಲೆ ಮುಳ್ಳು ಇಟ್ಟ.

ಬ್ಯಾಟರಿಗೆ ಜೋಡಿಸಿದ ಲೌಡ್‌ಸ್ಪೀಕರಿನ ಕಹಳೆಯಿಂದ ಹಾಡು ಹೊರಟಿತು. ಅವಳದೇ ಹಾಡು. ದನಿ ಅವಳದಲ್ಲ. ಸಕ್ಕರೆ ಪಾಕದಲ್ಲಿ ಅದ್ದಿದಂಥ ಯಾವುದೋ ಹುಡುಗಿಯ ಸಣ್ಣ ದನಿ.

ಲಲಿತಾಬಾಯಿ ಕೈ ಎತ್ತಿ ನಿಲ್ಲಿಸಿದಳು. "ನನ್ನ ತಟ್ಟಿ ಎಲ್ಲದ?"

"ಒಡೀತ್ರಿ," ಎಂದ ರೇವಣಪ್ಪ, ಎಲೆಯಡಿಕೆ ಉಗುಳಿ. "ನಿಮ್ಮ ದನಿ ಭಾಳ ದಪ್ಪ ಆತು. ಈಗಿನ ಮಂದಿಗಿ ಸಣ್ಣ ದನಿ ಬೇಕು. ಮಾರಿ ನಿಮ್ದೇ ಅದ ಅಲ್ಲರಿ, ಇನ್ನೇನು ಬೇಕು?"

ಅವನು ಮಾತು ಕೊಟ್ಟದ್ದನ್ನು ಅವಳು ನೆನಪಿಸಿದಳು. ಅವನು, ಬೇಡವಾದರೆ ಸಂಜೆಯ ಗಾಡಿಯಿದೆ, ಹೊಸ ಮುಖವೂ ಮದ್ರಾಸಿನಲ್ಲಿ ಸಿಗುತ್ತದೆ ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ನಮ್ಮಪ್ಪ ಅಂತಿದ್ದ, ಹಾಡೋರ ಬಾಯಿ ನಮ್ಮ ಕೈಯಾಗ ಇರಬೇಕು ಅಂತ," ಎಂದು ನಕ್ಕ.

ಬಿಟ್ಟು ಹೋದರೆ ಈ ಸಿನಿಮಾವೂ ಹೋಯಿತು. ಹೋದವಳ ಪರವಾಗಿ ಯಾರೂ ಜಗಳ ಆಡುವುದಿಲ್ಲ. ಇದ್ದು ಜಗಳ ಆಡಬೇಕು, ಮದ್ರಾಸಿಗೆ ಹೋಗಿ ಆ ಹಾಡನ್ನು ಮತ್ತೆ ಹಾಡಿಯೇ ತೀರಬೇಕು ಎಂದುಕೊಂಡಳು. ಸಣ್ಣವ್ವನ ಮಾತು ನೆನಪಾಯಿತು. ಅದನ್ನು ಉಗುಳಿನಂತೆ ನುಂಗಿದಳು. ಜೀವಂತ ಇರುವವರಿಗೇ ಹೆದರದವಳು ಸತ್ತವಳಿಗೆ ಹೆದರುವುದೆಂದರೇನು?

"ಹಚ್ಚಪ್ಪ ಜಹಾಂಗೀರ," ಎಂದಳು.

ತಟ್ಟೆ ತಿರುಗಿತು. ಅವಳು ಬರಿದೇ ತುಟಿ ಆಡಿಸಿದಳು.

ಮೊದಲು ತುಟಿಗೆ ತಂಪು ತಾಗಿತು. ಒದ್ದೆ ಬೆರಳು ಮುಟ್ಟಿದ ಹಾಗೆ. ಮೂಗಿಗೆ ಸುಟ್ಟ ಕೂದಲಿನ ವಾಸನೆ. ಆಮೇಲೆ ಹಸಿ ನೆತ್ತರಿನದು. ನಾಲಿಗೆಯ ತುದಿಯಲ್ಲಿ ಕಬ್ಬಿಣದ ರುಚಿ. ಕಾಲಡಿಯ ಚಪ್ಪಡಿ ಒಮ್ಮೆ ಮಿಡಿಯಿತು.

ಕಹಳೆ ಗೊರಗೊರ ಎಂದು ನಿಂತಿತು. ಬ್ಯಾಟರಿ ಹೋಗಿತ್ತು.

ಹಾಡು ನಿಲ್ಲಲಿಲ್ಲ.

ಅವಳ ಬಾಯಿಂದಲೇ ಬರುತ್ತಿತ್ತು. ಅವಳದಲ್ಲದ ದನಿ. ತಟ್ಟೆಯ ಹುಡುಗಿಯದೂ ಅಲ್ಲ. ತುಕ್ಕು ಹಿಡಿದ, ನೀರು ಕುಡಿದ, ಬಹಳ ಕಾಲ ಬಚ್ಚಿಟ್ಟ ದನಿ. ಚಪ್ಪಾಳೆಗೆ ಓಗೊಡದ ಖಣಿ ಈಗ ನಾಲ್ಕೂ ಕಡೆಯಿಂದ ಓಗೊಟ್ಟಿತು. ಡೈರೆಕ್ಟರು ಕಣ್ಣರಳಿಸಿ, ನಿಲ್ಲಿಸಬೇಡ ಎಂದು ಕ್ಯಾಮರಾದವನಿಗೆ ಸನ್ನೆ ಮಾಡಿದ. ರೇವಣಪ್ಪ ತಲೆದೂಗುತ್ತ ಸದ್ದಿಲ್ಲದೆ ತುಟಿ ಆಡಿಸುತ್ತಲೇ ಇದ್ದ.

ಲಲಿತಾಬಾಯಿ ಬಾಯಿ ಮುಚ್ಚಲು ನೋಡಿದಳು. ಆಗಲಿಲ್ಲ. ತುಟಿಯ ಸುತ್ತ ಸೂಜಿ. ಒಂದು. ಇನ್ನೊಂದು. ಕಾಣದ ಸೂಜಿಗಳು ಒಳಗಿನಿಂದ ಹೊರಗೆ ಬರುತ್ತಿದ್ದವು. ಹಾಡು ಸಾಗಿತ್ತು. ಸಾಲು ಮುಗಿಯಿತು. ಉಸಿರು ತೆಗೆದುಕೊಳ್ಳುವ ಜಾಗ ಬಂತು. ದನಿ ಉಸಿರು ತೆಗೆದುಕೊಳ್ಳಲಿಲ್ಲ. ಮುಂದಿನ ಸಾಲಿಗೆ ಹೋಯಿತು. ಅದರ ಮುಂದಿನದಕ್ಕೂ ಹೋಯಿತು.

ಆಗ ಅವಳಿಗೆ ತಿಳಿಯಿತು. ಸತ್ತವಳಿಗೆ ಉಸಿರು ಬೇಡ. ತನಗೆ ಬೇಕು.

ಎದೆ ಉರಿಯಿತು. ಕಣ್ಣಿನ ಅಂಚು ಕಪ್ಪಾಯಿತು. ಮಡುವಿನ ನೀರಿನಲ್ಲಿ ತನ್ನ ಬಿಂಬ ಕಂಡಿತು. ಅದರ ತುಟಿಗಳು ಹೊಲಿದುಹೋಗಿದ್ದವು.

ಇಲ್ಲ. ಇದು ನನ್ನ ಬಾಯಿ.

ಕಂಪನಿಯ ಮಾಸ್ತರು ಬೆತ್ತ ಹಿಡಿದು ಕಲಿಸಿದ್ದೊಂದಿತ್ತು: ಉಸಿರು ಕದಿಯುವುದು. ಸ್ವರ ಮುರಿಯದೆ, ನೋಡುವವರಿಗೆ ತಿಳಿಯದೆ, ಮೂಗಿನ ತುದಿಯಲ್ಲಿ ಗುಟುಕು ಗಾಳಿ ಎಳೆಯುವುದು. ಎಳೆದಳು. ಸೂಜಿ ಚುಚ್ಚಿತು. ಮತ್ತೆ ಎಳೆದಳು. ಹೊಟ್ಟೆಯ ತಳದಿಂದ ತನ್ನ ದಪ್ಪ ದನಿಯನ್ನು ಹಿಡಿದೆತ್ತಿದಳು. ಒಂದೇ ಗಂಟಲಲ್ಲಿ ಎರಡು ಹಾಡು. ಚರ್ಮ ಹರಿದಂತೆ ನೋವು. ಬಾಯಿಯಿಂದ ನೆತ್ತರು ಗದ್ದಕ್ಕಿಳಿಯಿತು. ಅವಳು ಬಿಡಲಿಲ್ಲ. ಒಡೆದ ತಟ್ಟೆಯ ಹಾಡನ್ನು ಮೊದಲಿನಿಂದ ಹಿಡಿದಳು. ಸಾಲುಸಾಲಾಗಿ. ಮೇಲೆ. ಇನ್ನೂ ಮೇಲೆ.

ಬಾಯಿ ತುಂಬಿತು. ಒಳಗಿದ್ದವಳಿಗೆ ಜಾಗ ಸಾಲಲಿಲ್ಲ.

ಲಲಿತಾಬಾಯಿ ಕೈ ನೀಡಿ ಕ್ಯಾಮರಾದ ಕೆಳಗೆ ತೋರಿಸಿದಳು. ಹಾಡಿನ ನಡುವೆಯೇ, ಮಾತಿನಲ್ಲಿ, ಒಳಗಿದ್ದವಳಿಗೆ ಹೇಳಿದಳು:

"ಸುಂದರಬಾಯಿ, ಅಲ್ಲಿ ನೋಡು. ನಿನ್ನ ಬಾಯಿ ಕಟ್ಟಿಸಿದವನ ಮಗ. ಬಾಯಿ ಖಾಲಿ ಅದ."

ತಂಪು ತುಟಿಯಿಂದ ಎದ್ದುಹೋಯಿತು.

ರೇವಣಪ್ಪನ ತುಟಿ ಇನ್ನೂ ಆಡುತ್ತಿತ್ತು. ಆಡುತ್ತಿದ್ದ ಹಾಗೆಯೇ ಅದರಿಂದ ಹೆಣ್ಣುದನಿ ಹೊರಟಿತು. ಅವನು ಬೆಚ್ಚಿ ಬಾಯಿಗೆ ಕೈ ಒತ್ತಿದ. ಬೆರಳ ಸಂದಿಯಿಂದ ಹಾಡು ಬಂತು. ಎದ್ದು ಓಡಿದ. ಹಾಡು ಓಡಿತು. ಕಲ್ಲಿನ ಮೆಟ್ಟಿಲು ಹತ್ತಿದ, ಬಿದ್ದ, ಮತ್ತೆ ಹತ್ತಿದ. ಸಾಲಿನ ಮೇಲೆ ಸಾಲು. ನಡುವೆ ಉಸಿರಿಲ್ಲ. ಮುಖ ಕೆಂಪಾಯಿತು. ನೀಲಿಯಾಯಿತು. ಉಸಿರು ಕದಿಯುವುದನ್ನು ಅವನಿಗೆ ಯಾವ ಮಾಸ್ತರೂ ಕಲಿಸಿರಲಿಲ್ಲ. ಖಣಿಯ ಅಂಚಿನಲ್ಲಿ, ಸುಡುವ ಬಿಸಿಲಿನಲ್ಲಿ ಅವನು ಮಕಾಡೆ ಬಿದ್ದ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಡು ನಡೆದೇ ಇತ್ತು ಎಂದು ಜಹಾಂಗೀರ ಆಮೇಲೆ ವಾಡಿಯಲ್ಲಿ ಹೇಳಿದ. ಕೊನೆಯ ಸಾಲು ಮುಗಿಸಿ, ಒಂದು ಸಲ ನಿರಾಳವಾಗಿ ನಿಟ್ಟುಸಿರು ಬಿಟ್ಟು, ಅದು ಹೋಯಿತಂತೆ.

ಸಿನಿಮಾ ನಿಂತಿತು. ಲಲಿತಾಬಾಯಿ ಬದುಕಿದಳು. ಗಂಟಲ ಗಾಯ ಮಾಯ್ದಾಗ ಅದರಲ್ಲಿ ಹಳೆಯ ದನಿ ಇರಲಿಲ್ಲ. ಫರಸಿಯ ಮೇಲೆ ಫರಸಿ ಎಳೆದಂಥ ಒಡಕು ದನಿ ಇತ್ತು. ಮದ್ರಾಸಿನವರು ಕೇಳಿ, ಮುಖ ಮಾತ್ರ ಸಾಕಿತ್ತು, ಈಗ ತುಟಿಯ ಸುತ್ತ ಚುಕ್ಕಿ ಚುಕ್ಕಿ ಗಾಯವಾಗಿ ಅದೂ ಹೋಯಿತಲ್ಲ ಎಂದರು. ಅವಳು ಅವರ ಬಾಗಿಲಿಗೆ ಮತ್ತೆ ಹೋಗಲಿಲ್ಲ. ಹಳೆಯ ಹೆಸರನ್ನು ಮತ್ತೆ ಇಟ್ಟುಕೊಂಡಳು. ಸೇಡಂ, ಚಿಂಚೋಳಿ, ಚಿತ್ತಾಪುರದ ನಾಟಕದ ಡೇರೆಗಳಲ್ಲಿ ಹಣಮಮ್ಮ ಆ ಒಡಕು ದನಿಯಲ್ಲೇ ಹಾಡಿದಳು. ನಗುವವರು ನಕ್ಕರು. ಟಿಕೀಟು ಕೊಂಡೇ ನಕ್ಕರು. ಕೊನೆಕೊನೆಗೆ ನಗದೆ ಕೇಳಿದರು. ತುಟಿಯ ಚುಕ್ಕಿಗಳಿಗೆ ಅವಳು ಬಣ್ಣ ಬಳಿಯಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಸಾಬಮ್ಮ ಎಷ್ಟು ಬೇಡವೆಂದರೂ ಕೇಳದೆ ಅವಳು ಖಣಿಗೆ ಇಳಿದಳು. ಮೇಲೆ ಅಂಚಿನಲ್ಲಿ ಸಾಬಮ್ಮ ಸೆರಗು ಕಚ್ಚಿಕೊಂಡು ನಿಂತಳು. ಹಣಮಮ್ಮ ಅದೇ ಚಪ್ಪಡಿಯ ಮೇಲೆ ನಿಂತು ಚಪ್ಪಾಳೆ ಹೊಡೆದಳು. ಏನೂ ತಿರುಗಿ ಬರಲಿಲ್ಲ. ಆಮೇಲೆ ಒಂದು ಸಾಲು ಹಾಡಿದಳು.

ಅದು ತಿರುಗಿ ಬಂತು.

ದಪ್ಪ ದನಿ. ತುಂಬಿದ ದನಿ. ಕೊನೆಯ ಬೆಂಚಿಗೆ ಮುಟ್ಟುವ ದನಿ. ಅವಳದೇ. ಸುಂದರಬಾಯಿ ಬಿಟ್ಟುಹೋದ ಜಾಗವನ್ನು ಖಣಿ ಖಾಲಿ ಇಟ್ಟಿರಲಿಲ್ಲ. ನೀರಿನಿಂದ ತಂಪು ಎದ್ದು ಬಂದು ಅವಳ ತುಟಿಯ ಮುಂದೆ ನಿಂತಿತು. ಬಾಯಿ ತೆಗೆ, ಸುಮ್ಮನೆ ತುಟಿ ಆಡಿಸು, ನಾನು ಹಾಡುತ್ತೇನೆ ಎಂದಿತು ಅವಳ ಹಳೆಯ ದನಿ. ಎಷ್ಟು ಚೆಂದದ ದನಿ. ಅವಳ ಕಣ್ಣು ತುಂಬಿತು.

"ಬಂದುಬಿಡು ಹಣಮಿ," ಎಂದು ಮೇಲಿನಿಂದ ಸಾಬಮ್ಮನ ನಡುಗುವ ಕೂಗು ಬಂತು.

ಹಣಮಮ್ಮ ಹೊಟ್ಟೆಯ ತಳದಿಂದ ಉಸಿರೆಳೆದಳು. ಒಡಕು ದನಿಯಲ್ಲಿ, ಬಾಯಿ ತುಂಬ, ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಎದುರಿನ ದನಿ ಅವಳೊಡನೆ ಏರಿತು. ಇವಳು ಇನ್ನೂ ಏರಿದಳು. ಎಲ್ಲೋ ಒಂದು ಸಾಲಿನಲ್ಲಿ ಅದು ತಡವರಿಸಿ ನಿಂತಿತು.

ಇವಳು ನಿಲ್ಲಲಿಲ್ಲ. ಹಾಡುತ್ತಲೇ ಮೆಟ್ಟಿಲು ಹತ್ತಿದಳು.